ತಲೆಯ ಮೇಲೆ ಹಾದುಹೋಗುವ ಕರೆಂಟು

ಪತ್ರ: "ಹೊಲದ ಸುತ್ತ ಗಾಳಿಯಂತ್ರಗಳು ತಿರುಗುತ್ತಲೇ ಇವೆ. ಆದರೂ ನನ್ನ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವುದು ರಾತ್ರಿ ಎರಡಕ್ಕೆ. ಈ ಹಸಿರು ವಿದ್ಯುತ್ತು ಯಾರಿಗಾಗಿ?"
– ಲಿಂಬೆ ಬೆಳೆಗಾರ, ಇಂಡಿ ತಾಲ್ಲೂಕು

ಸಂಪಾದಕರ ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ಅಪ್ಪ ನೆನಪಾದರು. ನಡುರಾತ್ರಿ ಟಾರ್ಚ್ ಹಿಡಿದು, ಹಾವಿದ್ದರೆ ಸರಿಯಲಿ ಎಂದು ಕೋಲಿನಿಂದ ನೆಲ ಕುಟ್ಟುತ್ತ ಸ್ಟಾರ್ಟರ್ ಪೆಟ್ಟಿಗೆಯತ್ತ ನಡೆಯುತ್ತಿದ್ದರು. ಹೌದಿಗೆ ನೀರು ಬಿದ್ದ ಸದ್ದು ಕೇಳುವವರೆಗೆ ಅವ್ವ ಕಣ್ಣು ಮುಚ್ಚುತ್ತಿರಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಗಾಳಿಯಂತ್ರದ ವಿದ್ಯುತ್ತು ಹೆಚ್ಚಿನ ವೋಲ್ಟೇಜಿನ ತಂತಿ ಹಿಡಿದು ನೇರ ದೊಡ್ಡ ಉಪಕೇಂದ್ರಕ್ಕೆ ಹೋಗುತ್ತದೆ. ನಿಮ್ಮ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಬರುವುದು ಉಪಕೇಂದ್ರದಿಂದ ಹಳ್ಳಿಗಳಿಗೆ ಕರೆಂಟು ಹಂಚುವ 11 ಕೆ.ವಿ. ಮಾರ್ಗದಿಂದ, ಅಂದರೆ ಫೀಡರಿನಿಂದ. ಎಲ್ಲ ಪಂಪ್‌ಸೆಟ್ಟುಗಳು ಒಮ್ಮೆಲೇ ಓಡಿದರೆ ಮಾರ್ಗ ತಾಳುವುದಿಲ್ಲ, ಅದಕ್ಕೇ ಪಾಳಿ. ಸಾಲದ್ದಕ್ಕೆ, ನಮ್ಮಲ್ಲಿ ಗಾಳಿ ಜೋರಾಗುವುದು ಮುಂಗಾರಿನಲ್ಲಿ. ಲಿಂಬೆ ಬಾಯಾರುವುದು ಬೇಸಿಗೆಯಲ್ಲಿ. ವಿದ್ಯುತ್ತನ್ನು ಕೂಡಿಡುವುದು ಇನ್ನೂ ದುಬಾರಿ. ಹೀಗಾಗಿ ಗಾಳಿ ಬಿದ್ದಾಗ, ಸೌರ ವಿದ್ಯುತ್ತೂ ಇಲ್ಲದಂತೆ ಹೊತ್ತು ಮುಳುಗಿದ ಮೇಲೆ, ನಮ್ಮ ಜಿಲ್ಲೆಯ ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲು ಸ್ಥಾವರದಂಥವುಗಳ ಆಸರೆ ಬೇಕೇ ಬೇಕು.

ನೀರಾವರಿಯ ಮಾತೇ ಬೇರೆ. ಗಿಡಕ್ಕೆ ನೀರು ಬೇಕಾದ ಕಾಲದಲ್ಲೇ ಸೂರ್ಯನೂ ಉರಿಯುತ್ತಾನೆ, ಕೂಡಿಡುವ ಗೋಜೇ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ತಂದ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರುಗಳನ್ನೇ ಸೌರ ವಿದ್ಯುತ್ತಿಗೆ ಒಳಪಡಿಸಲು ಅವಕಾಶವಿದೆ. ಉಪಕೇಂದ್ರದ ಬಳಿ ಸೌರ ಫಲಕ ಹಾಕಿ, ಅಲ್ಲಿಂದ ಹಗಲು ಹೊತ್ತಿನಲ್ಲೇ ಪಂಪ್‌ಸೆಟ್ಟುಗಳಿಗೆ ಕೊಡುವ ಕ್ರಮ ಇದು. ದೂರದ ಊರಿಗೆ ಕರೆಂಟು ಸಾಗಿಸುವ ದೊಡ್ಡ ಸೌರ ಪಾರ್ಕುಗಳಿಗಿಂತ ನಮ್ಮ ಜಿಲ್ಲೆಗೆ ಇದೇ ಮೊದಲು ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತೊಡಕುಗಳೂ ಇವೆ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಜಾಗ ಬೇಕು. ಜಮೀನು ಗುತ್ತಿಗೆ ಕೊಡುವವರು ಎಷ್ಟು ವರ್ಷಕ್ಕೆ, ಬಾಡಿಗೆ ಹೇಗೆ ಏರುತ್ತದೆ ಎಂದು ಓದಿಸಿ ಕೇಳಿಯೇ ಸಹಿ ಹಾಕಬೇಕು. ಬಿಸಿಲು ಹೆಚ್ಚಿದಷ್ಟೂ ಲಾಭ ಎಂದೂ ಇಲ್ಲ: ಫಲಕದ ಶಾಖ 25 ಡಿಗ್ರಿ ದಾಟಿದರೆ ಪ್ರತಿ ಡಿಗ್ರಿಗೂ ಸುಮಾರು 0.4 ಶೇಕಡಾದಷ್ಟು ಉತ್ಪಾದನೆ ಕುಗ್ಗುತ್ತದೆ. ಮೇಲೆ ಎರೆಮಣ್ಣಿನ ಧೂಳು ಬೇರೆ. ನನ್ನನ್ನು ನಿಜವಾಗಿ ಕಾಡುವುದು ಮಾತ್ರ ಅಂತರ್ಜಲ. ಹಗಲಿಡೀ ಪುಕ್ಕಟೆ ಕರೆಂಟು ಬಂದರೆ ಮೋಟಾರು ನಿಲ್ಲಿಸುವವರು ಯಾರು? ಹನಿ ನೀರಾವರಿ ಇಲ್ಲದೆ ಈ ಸೌಕರ್ಯ ಬಂದರೆ ಕೊಳವೆಬಾವಿಗಳೇ ಬತ್ತಿಯಾವು.

ನೀವೊಂದು ಕೆಲಸ ಮಾಡಿ. ಒಂದು ತಿಂಗಳು ಕರೆಂಟು ಬಂದ, ಹೋದ ವೇಳೆಯನ್ನು ದಿನವೂ ಬರೆದಿಡಿ. ಫೀಡರಿನ ಹೆಸರಿನೊಂದಿಗೆ ನಮಗೆ ಕಳುಹಿಸಿ, ಪೂರ್ತಿಯಾಗಿ ಪ್ರಕಟಿಸುತ್ತೇವೆ. ಅದೇ ಹಾಳೆ ಹಿಡಿದು, ಆ ಫೀಡರಿನ ರೈತರೆಲ್ಲ ಕೂಡಿ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಹೋಗುವ ದಿನ ತಿಳಿಸಿ. ನಾನೂ ಬರುತ್ತೇನೆ.