ಪ್ರಾರ್ಥನೆಗೆ ಕೂರಲು ಅಂಜುತ್ತಿದ್ದ ಮಾಸ್ತರರು

"ನಂಬಿಕೆ ಇದ್ದರೆ ಭಯ ಯಾಕೆ ಬರಬೇಕು?" ಆತಂಕದ ತೊಂದರೆ ಇಟ್ಟುಕೊಂಡು ಆಪ್ತಸಲಹೆಗೆ ನನ್ನ ಹತ್ತಿರ ಬರುವ ಕ್ರೈಸ್ತರಲ್ಲಿ ಬಹಳಷ್ಟು ಜನ ಈ ಪ್ರಶ್ನೆಯನ್ನು ಹೊತ್ತುಕೊಂಡೇ ಬರುತ್ತಾರೆ. ಕೆಲವರನ್ನು ಮನೆಕೂಟದಲ್ಲಿ ಯಾರೋ ಹೀಗೆ ಕೇಳಿರುತ್ತಾರೆ, ಕೆಲವರು ತಮ್ಮನ್ನು ತಾವೇ ಕೇಳಿಕೊಂಡಿರುತ್ತಾರೆ. ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು ಒಂದು ಕಷ್ಟ. ಅದರ ಮೇಲೆ 'ನಾನು ದೇವರನ್ನು ಸರಿಯಾಗಿ ನಂಬುತ್ತಿಲ್ಲ' ಎನ್ನುವ ಅಳುಕು ಬೇರೆ. ಈ ಎರಡನೆಯ ಭಾರವೇ ಜಾಸ್ತಿ, ಮತ್ತು ಅದನ್ನು ಹೊರಿಸಿದವರು ಕ್ರೈಸ್ತ ಸಭೆಯವರಾದ ನಾವೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ಉತ್ತರ ಕರ್ನಾಟಕದ ಒಂದು ಊರಿನ ಪ್ರಾಥಮಿಕ ಶಾಲೆಯ ಮಾಸ್ತರರು. ವಯಸ್ಸು ನಲವತ್ತು ದಾಟಿದೆ. ಅಜ್ಜನ ಕಾಲದಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿರುವ ಕುಟುಂಬ. ಸಂಡೇ ಸ್ಕೂಲ್ ನಡೆಸುತ್ತಾರೆ, ಸಭೆಯಲ್ಲಿ ಯಾರಿಗೆ ಕಾಯಿಲೆಯಾದರೂ ಇವರನ್ನೇ ಪ್ರಾರ್ಥನೆಗೆ ಕರೆಯುತ್ತಾರೆ. ಒಂದು ದಿನ ಬಸ್ಸಿನಲ್ಲಿ ಎದೆ ಬಿಗಿದು, ಕೈ ಜೋಮು ಹಿಡಿದು, ಸತ್ತೇ ಹೋಗುತ್ತೇನೆ ಅನ್ನಿಸಿತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿದರು, ಹೃದಯಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಅದು ಮತ್ತೆ ಮತ್ತೆ ಬಂತು. ಬಸ್ ಹತ್ತುವುದು ಬಿಟ್ಟರು, ಭಾನುವಾರ ವೇದಪಾಠ ಓದುವುದನ್ನೂ ಬಿಟ್ಟರು. ಹೆಂಡತಿ ಒತ್ತಾಯ ಮಾಡಿ ಕರೆದುಕೊಂಡು ಬಂದರು.

ಮೊದಮೊದಲು ಅವರು ಮಾತಾಡಿದ್ದು ಬರೀ ಎದೆಬಡಿತದ ಬಗ್ಗೆ. ಪ್ಯಾನಿಕ್ ಅಂದರೆ ಇದ್ದಕ್ಕಿದ್ದಂತೆ ಮೇಲೇರುವ ಭಯ, ಆ ಭಯ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಹೋಗಿ ತಾನಾಗಿ ಇಳಿಯುತ್ತದೆ ಎಂದೆಲ್ಲ ಹೇಳಿದೆ. ಕೇಳಿಸಿಕೊಂಡರು, ಆದರೆ ಮನಸ್ಸು ಬೇರೆಲ್ಲೋ ಇತ್ತು. ಆಮೇಲೊಂದು ದಿನ ಹೊರಡಲು ಎದ್ದವರು ಮತ್ತೆ ಕೂತರು.

"ಮೇಡಂ, ಖರೇ ಹೇಳ್ತೀನ್ರಿ. ನನಗ ಈಗ ಪ್ರಾರ್ಥನಾಕ್ಕ ಕುಂದ್ರಾಕ ಅಂಜಿಕಿ ಬರ್ತೈತಿ."

ಯಾಕೆ ಎಂದು ಕೇಳಿದೆ. ನಸುಕಿನಲ್ಲಿ ಏಳುತ್ತಾರೆ, ಮೊಣಕಾಲೂರಿ ಭಯ ತೆಗೆದುಹಾಕು ಎಂದು ಬೇಡುತ್ತಾರೆ, ಆಮೆನ್ ಅಂದಮೇಲೆ ಅಲ್ಲೇ ಸುಮ್ನೆ ಕೂತು ಎದೆ ಹೇಗೆ ಬಡಿಯುತ್ತಿದೆ ಎಂದು ನೋಡುತ್ತಾರೆ. ಇನ್ನೂ ಜೋರಾಗಿ ಬಡಿಯುತ್ತಿದ್ದರೆ ಪ್ರಾರ್ಥನೆ ಸರಿಯಾಗಲಿಲ್ಲ ಎಂದು ಮತ್ತೆ ಮೊದಲಿನಿಂದ ಶುರು. ನಡುವೆ ಮನಸ್ಸು ಆಚೀಚೆ ಹೋದರೆ ಮತ್ತೆ ಶುರು. ಶಾಲೆಗೆ ಹೊರಡುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಹೊಸ ವರ್ಷದ ಆರಾಧನೆಯಲ್ಲಿ ಅವರಿಗೆ ಸಿಕ್ಕಿದ್ದ ವಾಗ್ದಾನದ ಕಾರ್ಡ್, ಅಂದರೆ ವಾಕ್ಯ ಬರೆದ ಚೀಟಿ, ಬೈಬಲ್ಲಿನ ಯೆಶಾಯ ಪುಸ್ತಕದ 41ನೆಯ ಅಧ್ಯಾಯದ್ದು: ಹೆದರಬೇಡ, ನಾನೇ ನಿನ್ನೊಂದಿಗಿದ್ದೇನೆ. ಅದನ್ನು ಹಾಸಿಗೆಯ ಪಕ್ಕದ ಗೋಡೆಗೆ ಹಚ್ಚಿದ್ದರು. ಈಗ ರಾತ್ರಿ ಅದರ ಕಡೆ ಕಣ್ಣು ಹೋದರೆ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಆಗುತ್ತದಂತೆ. "ಹೆದರಬ್ಯಾಡ ಅಂತ ದೇವ್ರು ಹೇಳ್ಯಾನ, ನಾ ಹೆದರಾಕತ್ತೀನಿ. ಅಂದ್ರ ನಾ ಆಜ್ಞಾ ಮೀರೀನಿ, ಅಲ್ರೀ?"

ನಾನು ಅವರ ಶಾಲೆಯ ಬಗ್ಗೆ ಕೇಳಿದೆ. "ಸರ್, ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಗು ಮೊದಲ ದಿನ ಬಾಗಿಲಲ್ಲಿ ನಿಂತು ಅಳುತ್ತಿರುತ್ತದೆ. ಆಗ ಏನು ಹೇಳುತ್ತೀರಿ?"

"ಅಂಜಬ್ಯಾಡ, ನಾ ಅದೀನಿ ಅಂತೀನ್ರಿ."

"ಅದು ಬೈಗುಳಾನಾ ಸರ್?"

"ಏ ಅಲ್ರೀ. ಧೈರ್ಯಾ ಬರ್ಲಿ ಅಂತ."

"ಹಾಗೆ ಹೇಳಿದಮೇಲೂ ಮಗು ಅಳು ನಿಲ್ಲಿಸದಿದ್ದರೆ? ನನ್ನ ಮಾತು ಮೀರಿದೆ ಎಂದು ಹೊರಗೆ ಕಳಿಸುತ್ತೀರಾ?"

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎತ್ಕೊಂತೀನ್ರಿ" ಅಂದರು. ಅಷ್ಟು ಹೇಳಿ ಅತ್ತರು. ಹೆಂಡತಿಯ ಮುಂದೆಯೂ ಅಳದ ಮನುಷ್ಯ.

ಆ ದಿನ ನಾನು ಜಾಸ್ತಿ ಏನೂ ಹೇಳಲಿಲ್ಲ. ಮುಂದಿನ ಭೇಟಿಯಲ್ಲಿ ಹೇಳಿದ್ದು ಇಷ್ಟು. ಬೆಳಗಿನ ಪ್ರಾರ್ಥನೆ ಒಂದೇ ಸಲ, ಕಾಲು ಗಂಟೆ ಮೀರಬಾರದು. 'ಭಯ ತೆಗಿ' ಎನ್ನುವುದಕ್ಕಿಂತ ಮೊದಲು ಯಾವುದರ ಭಯ ಎಂದು ಹೆಸರಿಟ್ಟು ದೇವರಿಗೆ ಹೇಳಬೇಕು: ಸಾಲದ್ದೋ, ಮಗಳ ಓದಿನದ್ದೋ, ಸಾವಿನದ್ದೋ. ಆಮೆನ್ ಆದ ಕೂಡಲೇ ಎದ್ದು ಚಹಾಕ್ಕೆ ಇಡಬೇಕು, ನಾಡಿ ಹಿಡಿದು ನೋಡುವಂತಿಲ್ಲ. ಎದೆ ಬಡಿಯುತ್ತಿದ್ದರೆ ಬಡಿಯಲಿ. ಪ್ರಾರ್ಥನೆ ಮುಟ್ಟಿತೋ ಇಲ್ಲವೋ ಎಂದು ಎದೆಬಡಿತದಲ್ಲಿ ಹುಡುಕಬೇಡಿ ಎಂದೆ.

ಸಾಮಾನ್ಯವಾಗಿ ನಾನು ಬೈಬಲ್ಲಿನ 23ನೆಯ ಕೀರ್ತನೆಯ ಒಂದು ಸಾಲನ್ನು ಉಸಿರಿನ ಜೊತೆ ನಿಧಾನವಾಗಿ ಹೇಳಿಕೊಳ್ಳಲು ಕಲಿಸುತ್ತೇನೆ, ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿರಬೇಕು. ಎಷ್ಟೋ ಜನರಿಗೆ ಅದು ಒಳ್ಳೆಯದು ಮಾಡಿದೆ. ಇವರಿಗೆ ಕೊಡಲಿಲ್ಲ. ವಾಕ್ಯ ಹೇಳುವುದೇ ಇವರಿಗೆ ಪರೀಕ್ಷೆಯಾಗಿಬಿಟ್ಟಿತ್ತು, ಇನ್ನೊಂದು ವಾಕ್ಯ ಕೊಟ್ಟರೆ ಎಣಿಸಲು ಇನ್ನೊಂದು ಸಿಕ್ಕಂತೆ. ಇದು ಒಂದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳಿನ ಕಾಯಿಲೆಯ ಕಡೆ ಹೋಗುತ್ತಿದೆಯಾ ಎಂದು ಮನೋವೈದ್ಯರೇ ನೋಡಬೇಕಿತ್ತು. ಹಾಗಾಗಿ ಉಸಿರಾಟ ಬೇರೆ, ವಾಕ್ಯ ಬೇರೆ ಎಂದು ಇಟ್ಟೆ. ಓದಲು ಮಾತ್ರ ಎರಡು ಕೀರ್ತನೆ ಕೊಟ್ಟೆ. 13ನೆಯದು, ಎಷ್ಟರವರೆಗೆ ಎಂದು ದೇವರನ್ನು ನಾಲ್ಕು ಸಲ ಕೇಳಿ ಶುರುವಾಗುತ್ತದೆ. 88ನೆಯದು ಕತ್ತಲಿನಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಸಾಲೂ ಇಲ್ಲ. ಇಂಥ ಪ್ರಾರ್ಥನೆಯೂ ಬೈಬಲ್ಲಿನಲ್ಲಿ ಇದೆ ಅಂದರೆ ದೇವರು ಅದನ್ನೂ ಕೇಳಿಸಿಕೊಂಡಿದ್ದಾನೆ ಎಂದಲ್ವಾ?

ನಾನು ಹೀಗೆ ಹೇಳಿದ್ದು ಸಭೆಯ ಕೆಲವರಿಗೆ ಸರಿಬರಲಿಲ್ಲ. ಪ್ರಾರ್ಥನೆ ಕಡಿಮೆ ಮಾಡು ಎಂದು ಒಬ್ಬ ವಿಶ್ವಾಸಿಯೇ ಹೇಳಬಹುದಾ ಎಂದು ಕೇಳಿದರು. ನಾನು ಕಡಿಮೆ ಮಾಡಿಸಿದ್ದು ಪ್ರಾರ್ಥನೆಯನ್ನಲ್ಲ, ಪ್ರಾರ್ಥನೆಯ ಹೆಸರಿನಲ್ಲಿ ಒಬ್ಬ ಮನುಷ್ಯ ತನ್ನನ್ನೇ ದಿನಾ ವಿಚಾರಣೆಗೆ ಎಳೆಯುತ್ತಿದ್ದುದನ್ನು. ಯಾವುದಕ್ಕೂ ಚಿಂತೆ ಮಾಡಬೇಡಿ ಎಂದು ಫಿಲಿಪ್ಪಿಯ ಸಭೆಯವರಿಗೆ ಬರೆದ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೆಯ ಅಧ್ಯಾಯದಲ್ಲಿ, ಎಲ್ಲಾ ಸಭೆಗಳ ಚಿಂತೆ ತನ್ನನ್ನು ದಿನದಿನವೂ ಒತ್ತುತ್ತದೆ ಎಂದು ಬರೆದುಕೊಂಡಿದ್ದಾನೆ. ಅವನಿಗೆ ನಂಬಿಕೆ ಕಡಿಮೆ ಇತ್ತು ಎಂದು ನಾವು ಯಾರೂ ಹೇಳುವುದಿಲ್ಲ. ಪ್ರವಾದಿ ಎಲೀಯನು ಸಾಯಬೇಕು ಎಂದು ಜಾಲಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಉಣ್ಣಿಸಿದ. ದೇವರ ಮಾತು ಬಂದದ್ದು ಅದೆಲ್ಲ ಆದಮೇಲೆ.

ಇನ್ನು ಆಪ್ತಸಲಹೆ ಮಾಡುವ ಗೆಳೆಯರು ಈ ಕಡೆಯಿಂದ ಕೇಳುತ್ತಾರೆ, ಸಲಹೆಯ ಕೋಣೆಗೆ ಬೈಬಲ್ ಯಾಕೆ ತರುತ್ತೀರಿ ಎಂದು. ನಾನು ತರುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ಬಂದವರು ಅವರು. ಅವರ ನೋವು ಆ ವಾಕ್ಯದಲ್ಲೇ ಸಿಕ್ಕಿಕೊಂಡಿದ್ದಾಗ ಆ ವಾಕ್ಯ ಬಿಟ್ಟು ಮಾತಾಡಿದರೆ ಅವರ ಜೊತೆ ಮಾತಾಡಿದ ಹಾಗೇ ಆಗುವುದಿಲ್ಲ. ನಂಬಿಕೆ ಇಲ್ಲದವರು, ಬೇರೆ ನಂಬಿಕೆಯವರು ಬಂದಾಗ ನಾನು ಕ್ರಿಸ್ತನ ವಿಷಯ ಎತ್ತುವುದಿಲ್ಲ, ಎತ್ತಬಾರದು.

ಮಾತ್ರೆಗೆ ಒಪ್ಪಿಸಲು ಹೆಚ್ಚು ಹೊತ್ತು ಬೇಕಾಯಿತು. ಗುಳಿಗೆ ನುಂಗಿದರೆ ದೇವರ ಮೇಲೆ ಭಾರ ಹಾಕಿದ ಹಾಗಾಗುವುದಿಲ್ಲ ಎನ್ನುವುದು ಅವರ ವಾದ. ನಮ್ಮ ಸಭೆಯ ಕಥೆಯನ್ನೇ ನೆನಪಿಸಿದೆ. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರೆಗೆ ಬಂದ ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದರು. ಅವರು ಔಷಧ ಕೊಟ್ಟಿದ್ದು ಪ್ರಾರ್ಥನೆ ಸಾಲದೆ ಅಲ್ಲ. ಸುವಾರ್ತೆ ಬರೆದ ಲೂಕ ವೈದ್ಯ. ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಮದ್ದು ಹೇಳಿದ್ದಾನೆ, ಬರೀ ಪ್ರಾರ್ಥನೆ ಮಾಡು ಅನ್ನಲಿಲ್ಲ. ಕೊನೆಗೆ ಒಪ್ಪಿದರು. ಮನೋವೈದ್ಯರು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಮಾತ್ರೆ ಬರೆದರು. ಈ ಮಾತ್ರೆಗಳು ಕೆಲಸ ಶುರುಮಾಡಲು ಕೆಲವು ವಾರ ಬೇಕು, ಚೆನ್ನಾಗಿದೆ ಅನ್ನಿಸಿತು ಎಂದು ವೈದ್ಯರನ್ನು ಕೇಳದೆ ಬಿಡಬಾರದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಒಂದು ಒಳ್ಳೆಯ ಉಪವಾಸ ಕೂಟ ಆದಮೇಲೆ ಮಾತ್ರೆ ಎಸೆದು ಮತ್ತೆ ಕಷ್ಟಕ್ಕೆ ಬಿದ್ದವರನ್ನು ನೋಡಿದ್ದೇನೆ.

ಇನ್ನೊಂದು ಮಾತು ಹೇಳಿದ್ದೆ: ಹೆಂಡತಿಗೂ ಸಭೆಯ ಪಾದ್ರಿಗಳಾದ ಅಯ್ಯನವರಿಗೂ ಪೂರ್ತಿ ಹೇಳಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಮೂರು ಜನ ಶಿಷ್ಯರನ್ನು ಕರೆದುಕೊಂಡು ಹೋಗಿ, ಪ್ರಾಣ ಹೋಗುವಷ್ಟು ದುಃಖವಾಗಿದೆ, ಇಲ್ಲೇ ನನ್ನ ಜೊತೆ ಎಚ್ಚರವಾಗಿರಿ ಎಂದು ಬಾಯಿಬಿಟ್ಟು ಕೇಳಿದ. ಎಲ್ಲರಿಗಾಗಿ ಪ್ರಾರ್ಥಿಸುವ ಈ ಮಾಸ್ತರರು ತಮಗಾಗಿ ಒಬ್ಬರನ್ನೂ ಕೇಳಿರಲಿಲ್ಲ. ಅಯ್ಯನವರು ಒಳ್ಳೆಯ ಮನುಷ್ಯ. ಬುದ್ಧಿ ಹೇಳದೆ ಮನೆಗೆ ಬಂದು, ಕೂತು, ಊಟ ಮಾಡಿ ಹೋದರು.

ಸಾಕ್ಷಿ ಹೇಳುವ ಕೂಟಗಳಲ್ಲಿ ಒಂದೇ ರಾತ್ರಿಯಲ್ಲಿ ಭಯ ಹೋಯಿತು ಎನ್ನುವವರು ಇರುತ್ತಾರೆ. ಅವರನ್ನು ನಾನು ಅನುಮಾನಿಸುವುದಿಲ್ಲ. ಆದರೆ ಭಯ ಹೋಗದೆಯೂ ದೇವರನ್ನು ಬಿಡದೆ ಇರುವವರಿಗೂ ಆ ವೇದಿಕೆಯಲ್ಲಿ ಜಾಗ ಕೊಡಿ ಎಂದು ಸಭೆ ನಡೆಸುವವರನ್ನು ಕೇಳಿಕೊಳ್ಳುತ್ತೇನೆ. ಯಾರಾದರೂ ಆತಂಕ ಹೇಳಿಕೊಂಡರೆ ಮೊದಲು ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಇದ್ದರೆ ಅವರನ್ನು ಒಬ್ಬರನ್ನೇ ಬಿಡಬೇಡಿ.

ಮಾಸ್ತರರಿಗೆ ಈಗಲೂ ಕೆಲವು ಬೆಳಿಗ್ಗೆ ಎದೆ ಹೊಡೆದುಕೊಳ್ಳುತ್ತದೆ. ಚಹಾಕ್ಕೆ ಇಡುತ್ತಾರೆ. ವೇದಪಾಠ ಓದಲು ಮತ್ತೆ ನಿಂತಿದ್ದಾರೆ. ಬಸ್ಸಿನಲ್ಲಿ ಹತ್ತಿರದ ಊರುಗಳಿಗೆ ಹೋಗಿಬಂದಿದ್ದಾರೆ, ಹುಬ್ಬಳ್ಳಿಯವರೆಗೆ ಒಬ್ಬರೇ ಹೋಗುವುದು ಇನ್ನೂ ಬಾಕಿ ಇದೆ. ಈಗ ಅದರ ತಯಾರಿ ನಡೆದಿದೆ.