ನಿಧಾನವಾದ ಲ್ಯಾಪ್‌ಟಾಪ್: ಡಿಸ್ಕಿನ ತಪ್ಪೋ, ರ್‍ಯಾಮ್ ಸಾಲದೋ?

8 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್ ಇರುವ ವಿಂಡೋಸ್ 10 ಲ್ಯಾಪ್‌ಟಾಪ್. ಬೇರೆ ಸಾಫ್ಟ್‌ವೇರ್ ಹಾಕದೆ ದೋಷ ಎಲ್ಲಿದೆ ಅಂತ ಪತ್ತೆ ಮಾಡಬೇಕು, ಇದು ನಿಮ್ಮ ಪ್ರಶ್ನೆ. ವಿಂಡೋಸ್ ಜೊತೆಗೇ ಬರುವ, ಯಾವುದು ಎಷ್ಟು ಬಳಕೆಯಾಗುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ಒಂದರಲ್ಲೇ ಮುಕ್ಕಾಲು ಉತ್ತರ ಸಿಗುತ್ತದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಪರ್ಫಾರ್ಮೆನ್ಸ್‌ಗೆ ಹೋಗಿ. ಆನ್ ಮಾಡಿದ ತಕ್ಷಣ ನೋಡಬೇಡಿ, ಆಗ ಅಪ್‌ಡೇಟ್, ಆಂಟಿವೈರಸ್ ಎಲ್ಲ ಓಡುತ್ತಿರುತ್ತವೆ. ಹತ್ತು ನಿಮಿಷ ಬಿಟ್ಟು, ಯಾವ ಕೆಲಸಕ್ಕೆ ತಡವಾಗುತ್ತದೋ ಅದನ್ನೇ ಮಾಡುತ್ತಾ ನೋಡಿ.

ಡಿಸ್ಕ್‌ನ ಆಕ್ಟಿವ್ ಟೈಮ್ (ಡಿಸ್ಕ್ ಕೆಲಸದಲ್ಲಿರುವ ಹೊತ್ತಿನ ಪಾಲು) 100% ಮುಟ್ಟಿ, ರೀಡ್ ಸ್ಪೀಡ್ ಮಾತ್ರ ಸೆಕೆಂಡಿಗೆ 1–2 ಎಂಬಿಯಲ್ಲೇ ತೆವಳುತ್ತಿದ್ದರೆ, ಆವರೇಜ್ ರೆಸ್ಪಾನ್ಸ್ ಟೈಮ್ ನೂರಾರು ಮಿಲಿಸೆಕೆಂಡ್ ಇದ್ದರೆ, ಎಲ್ಲರೂ ಡಿಸ್ಕನ್ನೇ ಬೈಯುತ್ತಾರೆ. ಸ್ವಲ್ಪ ತಡೆಯಿರಿ. ರ್‍ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿದ್ದದ್ದನ್ನು ಪೇಜ್‌ಫೈಲ್‌ಗೆ, ಅಂದರೆ ಡಿಸ್ಕಿಗೇ, ಸಾಗಿಸುತ್ತದೆ. ಬೇಕಾದಾಗ ಮತ್ತೆ ಎಳೆದು ತರುತ್ತದೆ. ಹಾಗಾಗಿ ಸಾಲದ ರ್‍ಯಾಮ್ ಕೂಡ ಡಿಸ್ಕ್ 100% ಆಗಿಯೇ ಕಾಣುತ್ತದೆ. ಬೇರೆ ಮಾಡಿ ನೋಡಲು ವಿಂಡೋಸ್‌ನದೇ ಆದ ರಿಸೋರ್ಸ್ ಮಾನಿಟರ್ ತೆರೆದು ಮೆಮೊರಿ ಟ್ಯಾಬ್‌ನಲ್ಲಿ ಹಾರ್ಡ್ ಫಾಲ್ಟ್ಸ್ ಗ್ರಾಫ್ ನೋಡಿ; ಬೇಕಾದದ್ದು ಮೆಮೊರಿಯಲ್ಲಿ ಸಿಗದೆ ಡಿಸ್ಕಿನಿಂದ ಸೆಕೆಂಡಿಗೆ ಎಷ್ಟು ಸಲ ತರಬೇಕಾಯಿತು ಅನ್ನುವುದೇ ಅದು. ಪ್ರೋಗ್ರಾಂ ತೆರೆಯುವಾಗ ಒಮ್ಮೆ ನೆಗೆದು ಇಳಿದರೆ ಸಹಜ. ನಿಮಿಷಗಟ್ಟಲೆ ನೂರಾರರಲ್ಲೇ ನಿಂತರೆ, ಜೊತೆಗೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಮಿಟೆಡ್ (ಪ್ರೋಗ್ರಾಂಗಳಿಗೆ ಕೊಡಲು ವಿಂಡೋಸ್ ಒಪ್ಪಿಕೊಂಡ ಒಟ್ಟು ಮೆಮೊರಿ) 8 ಜಿಬಿಯನ್ನು ಚೆನ್ನಾಗಿ ದಾಟಿದ್ದರೆ, ರ್‍ಯಾಮ್ ಸಾಲುತ್ತಿಲ್ಲ.

ಹೊಸ ರ್‍ಯಾಮ್ ಕೊಳ್ಳುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲೇ ಸ್ಲಾಟ್ಸ್ ಯೂಸ್ಡ್, ಫಾರ್ಮ್ ಫ್ಯಾಕ್ಟರ್ ಓದಿಕೊಳ್ಳಿ. ಸೋಡಿಮ್ (ಲ್ಯಾಪ್‌ಟಾಪಿನ ಬಿಡಿ ಮೆಮೊರಿ ಪಟ್ಟಿ) ಅಂತಿದ್ದರೆ ಕಳಚಿ ಹಾಕಬಹುದು. ರೋ ಆಫ್ ಚಿಪ್ಸ್ ಅಂತಿದ್ದರೆ ಅದು ಬೋರ್ಡಿಗೇ ಬೆಸುಗೆಯಾದದ್ದು.

ಡಿಸ್ಕಿನ ವೇಗಕ್ಕೆ: ಚಾರ್ಜರ್ ಹಾಕಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ವಿನ್‌ಸ್ಯಾಟ್ ಡಿಸ್ಕ್ -ಡ್ರೈವ್ ಸಿ’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ (winsat disk -drive c) ಹೊಡೆಯಿರಿ. ರ್‍ಯಾಂಡಮ್ 16 ರೀಡ್ (ಚದುರಿದ ಚೂರುಗಳನ್ನು ಓದುವ ವೇಗ) ಅನ್ನುವ ಸಾಲೇ ಮುಖ್ಯ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದು ಸೆಕೆಂಡಿಗೆ 1–2 ಎಂಬಿ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ನೂರಾರು. ಸೀಕ್ವೆನ್ಶಿಯಲ್ (ಒಂದೇ ಸಾಲಿನಲ್ಲಿ ಇರುವುದನ್ನು ಓದುವ ವೇಗ) ಸಂಖ್ಯೆ 100 ದಾಟಿತು ಅಂತ ಖುಷಿಪಡಬೇಡಿ. ದಿನನಿತ್ಯದ ಕೆಲಸದಲ್ಲಿ ಡಿಸ್ಕ್ ಓದುವುದೆಲ್ಲ ಅಲ್ಲಲ್ಲಿ ಚದುರಿದ ಚೂರುಗಳನ್ನೇ. ಇಡೀ ಕಂಪ್ಯೂಟರನ್ನು ಅಳೆಯುವ ‘ವಿನ್‌ಸ್ಯಾಟ್ ಫಾರ್ಮಲ್’ ಕೊಡುವ ಒಟ್ಟು ಅಂಕ ನನ್ನ ಮಟ್ಟಿಗೆ ವ್ಯರ್ಥ: ಗರಿಷ್ಠ 9.9, ಮತ್ತು ಅತಿ ಕಡಿಮೆ ಅಂಕ ಪಡೆದ ಭಾಗದ್ದೇ ಒಟ್ಟು ಅಂಕ.

ಸಿಪಿಯು, ಅಂದರೆ ಪ್ರೊಸೆಸರ್, ವಿಷಯದಲ್ಲಿ ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಬೇಕಾದ್ದು ಒಂದೇ. ಬಳಕೆ ಹೆಚ್ಚಿದ್ದಾಗಲೂ ಸ್ಪೀಡ್ ಅನ್ನುವುದು ಬೇಸ್ ಸ್ಪೀಡ್‌ಗಿಂತ ಬಹಳ ಕೆಳಗೆ, 0.8 ಗಿಗಾಹರ್ಟ್ಸ್ ಆಸುಪಾಸು ಅಂಟಿಕೊಂಡಿದ್ದರೆ ಪ್ರೊಸೆಸರ್ ಹಳೆಯದು ಅಂತಲ್ಲ. ಕಾರಣ ಫ್ಯಾನಿನ ಧೂಳು, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸುವ ಲೇಪ), ಇಲ್ಲವೇ ವಾಟ್ ಸಾಲದ ಬದಲಿ ಚಾರ್ಜರ್. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದಾಗ ವೇಗ ಏರಿದರೆ ಅನುಮಾನ ಚಾರ್ಜರ್ ಮೇಲೆಯೇ.