ತೂಕ ಇಳಿಯುತ್ತಿಲ್ಲ, ವಾಕಿಂಗ್ ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 42 ವರ್ಷ. ಅಮ್ಮನಿಗೆ ಡಯಾಬಿಟಿಸ್ ಇದೆ. ನಾಲ್ಕು ತಿಂಗಳ ಹಿಂದೆ ನನ್ನ ಎಚ್‌ಬಿಎ1ಸಿ 6.2 ಬಂತು, ಡಾಕ್ಟರು ಪ್ರಿಡಯಾಬಿಟಿಸ್ ಅಂದರು. ಆಗ ನನ್ನ ತೂಕ 82 ಕೆ.ಜಿ. ಅವತ್ತಿನಿಂದ ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ಇಳಿದಿದ್ದು ಒಂದೂವರೆ ಕೆ.ಜಿ. ಅಷ್ಟೇ. ಪ್ರತಿ ಭಾನುವಾರ ನನ್ನ ಗಂಡ ತೂಕದ ಮೆಷಿನ್ ಪಕ್ಕ ಬಗ್ಗಿ ನಿಂತು ನಂಬರ್ ಜೋರಾಗಿ ಓದಿ, ‘ಇಷ್ಟಕ್ಕಾ ಇಷ್ಟು ಬೆವರು?’ ಅಂತ ನಗುತ್ತಾರೆ. ಅವರು ತೆಳ್ಳಗಿದ್ದಾರೆ, ಏನು ತಿಂದರೂ ದಪ್ಪ ಆಗುವುದಿಲ್ಲ. ಬಿಟ್ಟುಬಿಡೋಣ ಅನಿಸುತ್ತಿದೆ. ಹೋದ ವಾರ ಎಚ್‌ಬಿಎ1ಸಿ 5.9 ಬಂತು, ಆದರೆ ತೂಕವೇ ಇಳಿಯದಿದ್ದರೆ ಏನು ಪ್ರಯೋಜನ?

ಉತ್ತರ: ಅಲ್ಲ, ಪತ್ರದ ಅಸಲಿ ಸುದ್ದಿಯನ್ನು ಕೊನೆಯ ಸಾಲಿನಲ್ಲಿ ಬಚ್ಚಿಟ್ಟು, ಅದರ ಮೇಲೊಂದು ‘ಆದರೆ’ ಬೇರೆ ಹಾಕಿದ್ದೀರಲ್ಲ! 6.2 ಇದ್ದದ್ದು 5.9 ಆಗಿದೆ. ಈ ಟೆಸ್ಟ್ ಒಂದು ದಿನದ ಲೆಕ್ಕ ಹೇಳುವುದಿಲ್ಲ, ಹೆಚ್ಚುಕಮ್ಮಿ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್, 6.5 ಮುಟ್ಟಿದರೆ ಡಯಾಬಿಟಿಸ್. ನೀವಿನ್ನೂ ಪ್ರಿಡಯಾಬಿಟಿಸ್ ಗಡಿಯ ಒಳಗೇ ಇದ್ದೀರಿ, ನಿಜ. ಲ್ಯಾಬಿನಲ್ಲಿ ಚೂರು ಆಚೀಚೆ ಆಗುವುದೂ ಉಂಟು. ಆದರೂ ಮುಖ ಸರಿಯಾದ ಕಡೆಗೆ ತಿರುಗಿದೆ. ಮೆಷಿನ್ ಇದನ್ನು ನಿಮಗೆ ಹೇಳಲಾರದು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಸ್ನಾಯುಗಳ ಜೀವಕೋಶದೊಳಗೆ ಗ್ಲೂಟ್4 ಅನ್ನುವ ಪ್ರೋಟೀನ್ ಇದೆ. ರಕ್ತದಲ್ಲಿರುವ ಸಕ್ಕರೆಯನ್ನು ಒಳಗೆ ಸೇರಿಸುವುದು ಅದರ ಕೆಲಸ. ಕೂತಿರುವಾಗ ಅದು ಒಳಗೇ ಇರುತ್ತದೆ, ಇನ್ಸುಲಿನ್ ಕರೆದರೆ ಜೀವಕೋಶದ ಅಂಚಿಗೆ ಬರುತ್ತದೆ. ಇನ್ಸುಲಿನ್ ರೆಸಿಸ್ಟೆನ್ಸ್ ಅಂದರೆ ಎಷ್ಟು ಕರೆದರೂ ಕಿವಿಗೆ ಹಾಕಿಕೊಳ್ಳದೆ ಕೂರುವುದು. ಆಗ ಪ್ಯಾಂಕ್ರಿಯಾಸ್ ಇನ್ನೂ ಜೋರಾಗಿ ಕೂಗುತ್ತದೆ, ಅಂದರೆ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಹೀಗೆ ವರ್ಷಗಟ್ಟಲೆ ಕೂಗಿ ಕೂಗಿ ಅದರ ಗಂಟಲು ಬಿದ್ದ ಮೇಲೆ ಸಕ್ಕರೆ ಏರುತ್ತಾ ಹೋಗುತ್ತದೆ. ಈಗ ನೀವು ಬಿರುಸಾಗಿ ಹೆಜ್ಜೆ ಹಾಕಿದಿರಿ ಅಂದುಕೊಳ್ಳಿ. ತೊಡೆ, ಮೀನಖಂಡ ಬಿಗಿದು ಸಡಿಲ ಆಗುತ್ತಿದ್ದಂತೆ ಗ್ಲೂಟ್4 ಇನ್ಸುಲಿನ್ನಿನ ಹಂಗಿಲ್ಲದೆ ಎದ್ದು ಬರುತ್ತದೆ. ಮನೆಗೆ ಬಂದು ಕೂತ ಮೇಲೂ ಒಂದೆರಡು ದಿನ ಸ್ನಾಯುವಿನ ಕಿವಿ ಚುರುಕಾಗಿರುತ್ತದೆ, ಇನ್ಸುಲಿನ್ ಮೆಲ್ಲಗೆ ಕರೆದರೂ ಕೇಳುತ್ತದೆ. ಆಮೇಲೆ ಮತ್ತೆ ಮಂದ. ಹಾಗಾಗಿ ಸತತ ಎರಡು ದಿನಕ್ಕಿಂತ ಜಾಸ್ತಿ ಬಿಡುವು ಕೊಡಬೇಡಿ. ಇಷ್ಟೆಲ್ಲ ನಡೆಯಲು ಒಂದು ಗ್ರಾಂ ತೂಕವೂ ಇಳಿಯಬೇಕಿಲ್ಲ, ನೋಡಿ.

ಇನ್ನು ತೂಕ. ಬರೀ ನಡಿಗೆಯಿಂದ ತೂಕ ಇಳಿಸುವುದು ಕಷ್ಟ. ಮುಕ್ಕಾಲು ಗಂಟೆಯ ಬೆವರನ್ನು ಐದು ನಿಮಿಷದ ತಿಂಡಿ ತುಂಬಿಸಿಬಿಡುತ್ತದೆ, ಜೊತೆಗೆ ‘ಇವತ್ತು ನಡೆದಿದ್ದೀನಲ್ಲ’ ಅಂತ ನಾವೇ ಒಂದು ತುತ್ತು ಜಾಸ್ತಿ ತಿಂತೀವಿ. ಆದರೆ ಮೆಷಿನ್ ಅಲ್ಲಾಡದಿದ್ದರೂ ಹೊಟ್ಟೆಯೊಳಗಿನ ಕೊಬ್ಬು, ಲಿವರ್‌ನ ಕೊಬ್ಬು ಕರಗಬಹುದು. ಸಕ್ಕರೆಯ ವಿಷಯದಲ್ಲಿ ಹೆಚ್ಚು ಕಿತಾಪತಿ ಮಾಡುವುದೂ ಅದೇ. ಟೇಪ್ ತಗೊಂಡು ತಿಂಗಳಿಗೊಮ್ಮೆ ಸೊಂಟ ಅಳೆಯಿರಿ. ನನಗೂ ಒಂದು ಕಾಲದಲ್ಲಿ ದಿನಕ್ಕೆ ಎರಡು ಸಲ ಮೆಷಿನ್ ಹತ್ತುವ ಚಟ ಇತ್ತು. ಎರಡು ಲೋಟ ನೀರು ಕುಡಿದರೆ ಅರ್ಧ ಕೆ.ಜಿ. ಏರುತ್ತಿತ್ತು, ಅದಕ್ಕೂ ಮುಖ ಊದಿಸಿಕೊಂಡು ಕೂರುತ್ತಿದ್ದೆ!

ಹಾಗಂತ ತೂಕ ಲೆಕ್ಕಕ್ಕೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಅಮೆರಿಕದಲ್ಲಿ ನಿಮ್ಮ ಹಾಗೇ ಸಕ್ಕರೆ ಗಡಿಯಲ್ಲಿದ್ದ ಮೂರು ಸಾವಿರಕ್ಕೂ ಜಾಸ್ತಿ ಜನರ ಮೇಲೆ ಒಂದು ದೊಡ್ಡ ಅಧ್ಯಯನ ಆಯಿತು, ಫಲಿತಾಂಶ ಬಂದದ್ದು 2002ರಲ್ಲಿ. ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ವ್ಯಾಯಾಮ, ಊಟದಲ್ಲಿ ಹಿಡಿತ, ಶೇ 7ರಷ್ಟು ತೂಕ ಇಳಿಸುವ ಗುರಿ. ಅವರಲ್ಲಿ ಡಯಾಬಿಟಿಸ್ ಬರುವುದು ಶೇ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ 31. ನಿಮ್ಮ ಲೆಕ್ಕಕ್ಕೆ ಶೇ 7 ಅಂದರೆ ಆರು ಕೆ.ಜಿ. ಒಳಗೇ, ಒಂದೂವರೆ ಆಗಲೇ ಹೋಗಿದೆ. ಉಳಿದದ್ದು ತಟ್ಟೆಯಿಂದ ಇಳಿಯಬೇಕು, ನಡಿಗೆಯನ್ನು ಅದಕ್ಕಾಗಿ ಬೈಯಬೇಡಿ.

ಒಂದು ಕೊರತೆ ಕಾಣುತ್ತಿದೆ. ನೀವು ನಡೆಯುತ್ತೀರಿ, ಭಾರ ಎತ್ತುವುದಿಲ್ಲ. ಊಟದ ಸಕ್ಕರೆಗೆ ಸ್ನಾಯುವೇ ದೊಡ್ಡ ಉಗ್ರಾಣ, ವಯಸ್ಸಾದಂತೆ ಅದು ಸುಮ್ನೆ ಕರಗುತ್ತಾ ಹೋಗುತ್ತದೆ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದೂಡುವುದು, ಇಷ್ಟರಿಂದ ಶುರು ಮಾಡಿ. ಊಟ ಆದ ಮೇಲೆ ಸೋಫಾಕ್ಕೆ ಬೀಳದೆ ಹತ್ತು ನಿಮಿಷ ಓಡಾಡಿದರೂ ಆ ಹೊತ್ತಿನ ಸಕ್ಕರೆಯ ಏರು ತಗ್ಗುತ್ತದೆ. ನಡುವೆ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಇನ್ನು ನಿಮ್ಮ ಯಜಮಾನರು. ಅವರು ಕೆಟ್ಟವರು ಅಂತ ನನಗನಿಸಲಿಲ್ಲ, ಆದರೆ ನಂಬರ್ ಜೋರಾಗಿ ಓದುವುದು ತಮಾಷೆಯಲ್ಲ, ‘ನನಗೆ ಬೇಜಾರಾಗುತ್ತೆ, ನಿಲ್ಲಿಸಿ’ ಅಂತ ನೇರವಾಗಿ ಹೇಳಿ. ಸುತ್ತಿ ಬಳಸಬೇಡಿ. ಮೆಷಿನ್ನನ್ನು ಮಂಚದ ಕೆಳಗೆ ತಳ್ಳಿ, ತಿಂಗಳಿಗೊಮ್ಮೆ ನೀವೊಬ್ಬರೇ ಇರುವಾಗ ಹತ್ತಿದರೆ ಸಾಕು. ತೆಳ್ಳಗಿರುವವರ ಹೊಟ್ಟೆಯೊಳಗೂ, ಲಿವರ್‌ನಲ್ಲೂ ಕೊಬ್ಬು ಕೂತಿರಬಹುದು, ಅವರಿಗೂ ಡಯಾಬಿಟಿಸ್ ಬರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಮುಂದಿನ ಭಾನುವಾರ ಅವರು ನಂಬರ್ ಕೇಳಿದರೆ 5.9 ಅನ್ನಿ. ಆಮೇಲೆ ಅವರ ಎಚ್‌ಬಿಎ1ಸಿ ಎಷ್ಟು, ಕೊನೆಯ ಸಲ ಟೆಸ್ಟ್ ಮಾಡಿಸಿದ್ದು ಯಾವಾಗ ಅಂತ ಕೇಳಿ.